ಹೆಸರು ಹೇಳದೆ ಹೊತ್ತ ಹರಕೆ

ನನ್ನ ಜೇಬಿನಲ್ಲಿ ಏನಿರುತ್ತದೆ ಎಂಬುದು ನನಗಿಂತ ನನ್ನ ಹೆಂಡತಿ ಸುವರ್ಣಾಳಿಗೆ ಚೆನ್ನಾಗಿ ಗೊತ್ತು. ಬಟ್ಟೆ ನೆನೆಹಾಕುವ ಮೊದಲು ಅವಳು ಒಂದೊಂದು ಜೇಬನ್ನೂ ಒಳಮಗ್ಗುಲು ಹೊರಗೆ ಮಾಡಿ ಝಾಡಿಸುತ್ತಾಳೆ. ಮೂವತ್ತು ವರ್ಷಗಳಿಂದ ಅವಳಿಗೆ ಸಿಕ್ಕಿರುವುದು ಹೆಚ್ಚಾಗಿ ಸೀಮೆಸುಣ್ಣದ ತುಂಡುಗಳು. ಅವನ್ನೆಲ್ಲ ಒಂದು ಡಬ್ಬಿಯಲ್ಲಿ ಕೂಡಿಟ್ಟು ಹೊಸ್ತಿಲ ಮುಂದೆ ರಂಗೋಲಿಯ ಗೆರೆ ಎಳೆಯುತ್ತಾಳೆ. ಸರಕಾರದ ಸೀಮೆಸುಣ್ಣದಿಂದ ನಮ್ಮ ಮನೆ ಬೆಳಗುತ್ತಿದೆ ಎಂದು ನಾನು ಚೇಷ್ಟೆ ಮಾಡಿದರೆ, "ನಿಮ್ಮ ವಿಜ್ಞಾನ ಮನಿಗೆ ಉಪಯೋಗ ಬಂದಿದ್ದು ಇಷ್ಟ" ಎನ್ನುತ್ತಾಳೆ.

ಕಳೆದ ರವಿವಾರ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುತ್ತಿದ್ದಾಗ ನನ್ನ ಸ್ವೆಟರಿನ ಜೇಬಿನಿಂದ ಒಂದು ಗುಲಾಬಿ ಬಣ್ಣದ ರಟ್ಟಿನ ಚೀಟಿ ಬಿತ್ತು. ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿರುವವರಿಗೆ ಕೊಡುವ ಪಾಸು. ಸುವರ್ಣಾ ಅದನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದಳು.

"ಇದನ್ನ ಇಟ್ಕೋತೀರೋ, ಒಗೀಲೋ?"

ನಮ್ಮ ಕಡೆ ಒಗೆಯುವುದೆಂದರೆ ತೊಳೆಯುವುದೂ ಹೌದು, ಬಿಸಾಡುವುದೂ ಹೌದು. ಮದುವೆಯಾದ ಹೊಸದರಲ್ಲಿ ಮೈಸೂರು ಕಡೆಯಿಂದ ಬಂದ ನನ್ನ ಗೆಳೆಯನೊಬ್ಬನ ಕರವಸ್ತ್ರ ಕೇಳಿ ಇದೇ ಸುವರ್ಣಾ "ಒಗೀತೀನಿ ಕೊಡ್ರಿ" ಎಂದಾಗ ಅವನು ಗಾಬರಿಯಾಗಿ ಅದನ್ನು ಜೇಬಿಗೆ ತುರುಕಿಕೊಂಡಿದ್ದ. ಅದಿರಲಿ. ನಾನು ಚೀಟಿ ಇಸಿದುಕೊಂಡು ಕಟ್ಟೆಯ ಮೇಲೆ ಕೂತೆ. ಆ ಸ್ವೆಟರನ್ನು ನಾನು ಹಾಕಿಕೊಂಡಿದ್ದು ಒಂದೇ ಒಂದು ದಿನ. ಆ ದಿನದ ಕತೆ ಹೇಳಬೇಕಾದರೆ ನಾನು ಎಂಥ ಮನುಷ್ಯ ಎಂಬುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು.

ನಾನು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ. ಮನೆ ಕಲಬುರಗಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೆಸರು ಮಲ್ಲಿಕಾರ್ಜುನ. ದೇವರ ಹೆಸರಿಟ್ಟುಕೊಂಡು ದೇವರಿಲ್ಲ ಎಂದು ವಾದಿಸುವ ಮನುಷ್ಯ ಎಂದು ನನ್ನ ಸಹೋದ್ಯೋಗಿ, ಹಿಂದಿ ಹೇಳುವ ಜಲೀಲ್ ಸರ್ ನನ್ನನ್ನು ಎಲ್ಲರಿಗೂ ಪರಿಚಯಿಸುತ್ತಾರೆ. ಅವರು ಮೋಮಿನಪುರದವರು. ಐದು ಹೊತ್ತಿನ ನಮಾಜು ತಪ್ಪಿಸದವರು. ಹತ್ತು ವರ್ಷಗಳಿಂದ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು, ದೇವರಿದ್ದಾನೋ ಇಲ್ಲವೋ ಎಂದು ಊರು ದಾಟುತ್ತಲೇ ಶುರುಮಾಡುತ್ತೇವೆ. ತೀರ್ಮಾನಕ್ಕೆ ಬರುವಷ್ಟರಲ್ಲಿ ಕಮಲಾಪುರ ಬಂದುಬಿಡುತ್ತದೆ. ನಮ್ಮ ಶಾಲೆ ಇನ್ನೂ ಮುಂದೆ ಹುಮನಾಬಾದಿನಲ್ಲಿ ಇದ್ದಿದ್ದರೆ ಇಷ್ಟೊತ್ತಿಗೆ ಈ ಪ್ರಶ್ನೆ ಬಗೆಹರಿದಿರುತ್ತಿತ್ತು ಎಂಬುದು ನಮ್ಮಿಬ್ಬರ ಅಭಿಪ್ರಾಯ.

ನನ್ನ ಅವ್ವ ಹೀಗಿರಲಿಲ್ಲ. ಅವಳಿಗೆ ಈ ಪ್ರಶ್ನೆಯೇ ಇರಲಿಲ್ಲ. ನಾವು ನೆಹರು ಗಂಜಿನ ಹಿಂದಿನ ಓಣಿಯಲ್ಲಿದ್ದೆವು. ಅಪ್ಪ ಒಂದು ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುತ್ತಿದ್ದ. ಸುಗ್ಗಿಯಲ್ಲಿ ಓಣಿಗೆ ಓಣಿಯೇ ತೊಗರಿಯ ಧೂಳಿನಿಂದ ಸೀನುತ್ತಿತ್ತು. ಅವ್ವ ಕಂಡದ್ದಕ್ಕೆಲ್ಲ ಕೈಮುಗಿಯುತ್ತಿದ್ದಳು. ಅಪ್ಪನ ತಕ್ಕಡಿಗೆ, ಹೊಸ ಕಸಬರಿಗೆಗೆ, ಊರಿಗೆ ಹೊರಟ ಬಸ್ಸಿಗೆ. ಮನೆಗೆ ಮೊದಲ ಸಲ ಗ್ಯಾಸ್ ಸಿಲಿಂಡರ್ ಬಂದಾಗ ಅದಕ್ಕೆ ವಿಭೂತಿ ಹಚ್ಚಿ, "ಸಿಡೀಬ್ಯಾಡಪ್ಪ" ಎಂದು ಬೇಡಿಕೊಂಡಿದ್ದಳು. ಅದು ಸಿಡಿಯಲೂ ಇಲ್ಲ.

ನನಗೆ ಜ್ವರ ಬಂದರೆ ಅವ್ವನ ದಾರಿ ನಿಗದಿಯಾಗಿತ್ತು. ಮೊದಲು ಊರವರೆಲ್ಲ ಅಪ್ಪ ಎಂದು ಕರೆಯುವ ಶರಣರ ಗುಡಿಗೆ ಹೋಗಿ ಹಣೆಗೆ ಭಸ್ಮ. ಅಲ್ಲಿಂದ ಮೋಮಿನಪುರದ ಒಬ್ಬ ಮುದುಕರ ಹತ್ತಿರ. ಮೌಲಿ ಸಾಹೇಬರು ಎನ್ನುತ್ತಿದ್ದೆವು. ಅವರು ಕಣ್ಣು ಮುಚ್ಚಿ ಏನೋ ಓದಿ ಬಾಟಲಿಯ ನೀರಿಗೆ ಉಫ್ ಎಂದು ಊದಿಕೊಡುತ್ತಿದ್ದರು. ಮರಳಿ ಬರುವಾಗ ಡಾಕ್ಟರ ಸೂಜಿ. ಜ್ವರ ಬಿಟ್ಟ ಮೇಲೆ ನಾನೊಮ್ಮೆ ಕೇಳಿದೆ, ಜ್ವರ ಹೋಗಿದ್ದು ಯಾರಿಂದ ಅಂತ.

"ಮೂರೂ ಮಂದಿ ಕೂಡಿ ಓಡಿಸ್ಯಾರ" ಎಂದಳು ಅವ್ವ. "ಯಾರನ್ನೂ ಬಿಡಬಾರದು, ಬ್ಯಾಸರ ಮಾಡ್ಕೋತಾರ. ಡಾಕ್ಟರೂ ಸೇರಿ."

ಏಳನೇ ಇಯತ್ತೆಯಲ್ಲಿ ನಾನು ನನ್ನ ಮೊದಲ ವೈಜ್ಞಾನಿಕ ಪ್ರಯೋಗ ಮಾಡಿದೆ. ಜ್ವರ ಬಂದಿತ್ತು. ಅವ್ವ ಒಲೆಯ ಮುಂದಿದ್ದಾಗ ಊದಿದ ನೀರನ್ನು ಬಚ್ಚಲಿಗೆ ಸುರಿದು, ಬಾಟಲಿಗೆ ಕೊಡದ ನೀರು ತುಂಬಿಸಿಟ್ಟೆ. ಮೂರನೇ ದಿನ ಜ್ವರ ಬಿಟ್ಟಿತು. ನಾನು ಗೆದ್ದಿದ್ದೆ. ಅವ್ವ ಮಾತ್ರ "ನೋಡಿದ್ಯಾ, ನೀರಿನ ಗುಣ" ಎಂದು ಒಂದು ತೆಂಗಿನಕಾಯಿ, ಪಾವುಸೇರು ಸಕ್ಕರೆ ಹಿಡಿದುಕೊಂಡು ಮೌಲಿ ಸಾಹೇಬರ ಮನೆಗೆ ಹೊರಟಳು. ನಾನೂ ಜೊತೆಗೆ ಹೋದೆ. ಅವರು ನನ್ನ ತಲೆ ಸವರಿದರು. ನಾನು ಬಾಯಿ ಬಿಡಲಿಲ್ಲ. ನನ್ನ ವೈಚಾರಿಕತೆ ಹುಟ್ಟಿದ್ದು ಹೀಗೆ, ಒಂದು ಸುಳ್ಳಿನ ಬೆನ್ನಿಗೆ. ಆಮೇಲೆ ಅದು ಬೆಳೆದು, ಪುಸ್ತಕ ಓದಿ, ಕನ್ನಡಕ ಹಾಕಿಕೊಂಡು ದೊಡ್ಡದಾಯಿತು. ಪರೀಕ್ಷೆಗೆ ಮುಂಚೆ ನಿಂಬೆಹಣ್ಣು ಜೇಬಿನಲ್ಲಿಟ್ಟುಕೊಂಡು ಬರುವ ಹುಡುಗರನ್ನು ನಾನು ತರಗತಿಯ ಮುಂದೆ ನಿಲ್ಲಿಸಿ ನಗಾಡಿದ್ದೂ ಉಂಟು.

ಇಂಥ ಮನುಷ್ಯನ ಹೆಂಡತಿಯ ಹೊಟ್ಟೆಯಲ್ಲಿ ಕಳೆದ ಜನವರಿಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ತಡ ಮಾಡುವುದು ಬೇಡ ಎಂದರು. ಒಂದು ಮುಂಜಾನೆ ಹತ್ತು ಗಂಟೆಗೆ ಸುವರ್ಣಾಳನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಅವಳು ನನ್ನ ಕೈಗೆ ತನ್ನ ಕೊರಳಿನ ಲಿಂಗದ ಕರಡಿಗೆ ಕೊಟ್ಟು, "ಕೆಳಗ ಇಡಬ್ಯಾಡ್ರಿ, ಕೈಯಾಗ ಇಟ್ಕೋರಿ" ಎಂದಳು. ನಾನು ಅದನ್ನು ಅಂಗೈಯಲ್ಲಿ ಹಿಡಿದು ಹೊರಗಿನ ಹಾಲಿನಲ್ಲಿ ಕೂತೆ. ಕಲಬುರಗಿಯಲ್ಲಿ ಚಳಿ ಎಂಬುದು ಇರುವುದಿಲ್ಲ. ಆದರೆ ಆ ಹಾಲಿನ ಎ.ಸಿ.ಗೆ ಅದು ಗೊತ್ತಿರಲಿಲ್ಲ. ಸ್ವೆಟರಿನ ಒಳಗೂ ನಾನು ನಡುಗುತ್ತಿದ್ದೆ.

ನನ್ನ ಕುರ್ಚಿಯ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಅರವತ್ತರ ಆಸುಪಾಸು. ಹಸಿರು ಇಳಕಲ್ ಸೀರೆ. ಕುರ್ಚಿ ಖಾಲಿ ಇವೆಯಲ್ಲ ಎಂದರೆ, "ಜಾರ್ತಾವ್ರಿ ಅವು" ಎಂದಳು. ಆಮೇಲೆ ತಾನೇ ಕೇಳಿದಳು.

"ಒಳಗ ಯಾರದಾರ್ರಿ?"

"ಮನಿಯವರು."

"ನಮ್ಮವರೂ ಒಳಗ ಅದಾರ್ರಿ."

ಅವಳ ಹೆಸರು ಕಾಶಿಬಾಯಿ. ಕಮಲಾಪುರದಲ್ಲಿ ಎರಡು ಎಕರೆ ಬಾಳೆ ತೋಟ. ಗಂಡ ಬೆಳೆಯುತ್ತಾನೆ, ಇವಳು ಸಂತೆಯಲ್ಲಿ ಮಾರುತ್ತಾಳೆ. ಟೆಂಪೋದ ಮೇಲೆ ಗೊನೆ ಏರಿಸುವಾಗ ಅವನು ಕಾಲು ಜಾರಿ ಹಿಂದಕ್ಕೆ ಬಿದ್ದಿದ್ದ. ತಲೆ ಕಲ್ಲಿಗೆ ಬಡಿದಿತ್ತು. ಎರಡು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಇದನ್ನೆಲ್ಲ ಅವಳು ಬೇರೆ ಯಾರದೋ ಮನೆಯ ಸುದ್ದಿಯಂತೆ ಸಣ್ಣ ದನಿಯಲ್ಲಿ ಹೇಳಿದಳು. ನಾನು ಕಮಲಾಪುರದಲ್ಲಿ ಮಾಸ್ತರ ಎಂದಾಗ, "ಹಂಗಂದ್ರ ನೀವು ನಮ್ಮೂರವರ ಆದ್ರಿ" ಎಂದು ಸ್ವಲ್ಪ ನನ್ನ ಕಡೆ ಸರಿದು ಕೂತಳು. ಕೂತವಳು ಸೆರಗಿನ ತುದಿ ಎತ್ತಿ, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಒಂದು ಗಂಟು ಹಾಕಿದಳು. ಹರಕೆ ಹೊರುತ್ತಿದ್ದಾಳೆ ಎಂದು ನನಗೆ ತಿಳಿಯಿತು. ನಿಂಬೆಹಣ್ಣಿನ ಹುಡುಗರನ್ನು ನೋಡುವಂತೆಯೇ ಅವಳನ್ನೂ ನೋಡಿದೆ. ಅಷ್ಟೊತ್ತಿನಲ್ಲೂ ನನ್ನ ಕೊಬ್ಬು ಇಳಿದಿರಲಿಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಹನ್ನೊಂದೂವರೆಗೆ ಬಾಗಿಲು ತೆರೆದು ನರ್ಸ್ ಓಡಿಬಂದಳು. ಸುವರ್ಣಾಳಿಗೆ ರಕ್ತ ಹೋಗುತ್ತಿದೆ, ಇನ್ನೂ ಬೇಕು, ಯಾರಾದರೂ ಕೊಡುತ್ತೀರಾ ಎಂದಳು. ನನ್ನದು ಹೊಂದುತ್ತಿರಲಿಲ್ಲ. ಆಗ ತಾನೇ ಬಂದು ನಿಂತಿದ್ದ ಜಲೀಲ್ ಸರ್ ಅಂಗಿಯ ತೋಳು ಮೇಲೇರಿಸುತ್ತ ಅವಳ ಹಿಂದೆ ನಡೆದರು. ಬಾಗಿಲು ಮುಚ್ಚಿತು. ನಾನು ಒಬ್ಬನೇ ನಿಂತಿದ್ದೆ. ಆಗ ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಮಾತಾಡಿತು.

"ಆಕಿ ಎದ್ದು ಕೂತ್ರ ಸಾಕು. ಒಂದು ಗೊನಿ ಕೆಂಪು ಬಾಳೆಹಣ್ಣು ಕೊಡ್ತೀನಿ."

ಗೊನೆ ಎಲ್ಲಿಂದ ಬಂತು ಎಂದರೆ, ಹಿಂದಿನ ಸಂಜೆ ಸುವರ್ಣಾ ಕಮಲಾಪುರದ ಕೆಂಪು ಬಾಳೆಹಣ್ಣು ತಿನ್ನುವ ಆಸೆಯಾಗಿದೆ ಎಂದಿದ್ದಳು. ಡಾಕ್ಟರು ಏನೂ ತಿನ್ನಬಾರದು ಎಂದಿದ್ದರು. ಅದೇ ತಲೆಯಲ್ಲಿ ಉಳಿದಿರಬೇಕು. ಮಾತು ಮಾತ್ರ ನನ್ನ ಅವ್ವನ ಮಾತೇ. ಒಂದು ಅಕ್ಷರವೂ ನನ್ನ ಪುಸ್ತಕಗಳದ್ದಾಗಿರಲಿಲ್ಲ. ಕೆಳಗೆ ಕೂತಿದ್ದ ಕಾಶಿಬಾಯಿ ತಲೆ ಎತ್ತದೆಯೇ, ಮಗ್ಗಿ ಒಪ್ಪಿಸುವವನಿಗೆ ಅನ್ನುವ ಹಾಗೆ, "ಹೂಂ" ಎಂದಳು.

ಒಂದೂವರೆಗೆ ಡಾಕ್ಟರು ಬಂದು, ಆಪರೇಷನ್ ಆಯಿತು, ಗಾಬರಿಯಿಲ್ಲ ಎಂದರು. ನಾನು ಓಡಿದೆ. ಕಾಶಿಬಾಯಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ನಿಮ್ಮವರದು ಏನಾಯಿತು ಎಂದು ಕೇಳಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಮರುದಿನ ಕೆಳಗಿಳಿದು ಬಂದಾಗ ಅವಳ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

ಸುವರ್ಣಾ ಮನೆಗೆ ಬಂದಳು. ಗಡ್ಡೆಯನ್ನು ಬೇಗ ಕಂಡುಹಿಡಿದದ್ದು ಒಳ್ಳೆಯದಾಯಿತು, ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಮಜ್ಜಿಗೆ ಅನ್ನ ಕಲಸಿ ಅವಳಿಗೆ ಉಣಿಸುತ್ತಿದ್ದಾಗ ನಾನು ತಡೆಯಲಾರದೆ ಹರಕೆಯ ವಿಷಯ ಹೇಳಿದೆ. ಅವಳು ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದು ನಕ್ಕಳು.

"ನಗಿಸಬ್ಯಾಡ್ರಿ, ನೋಯ್ತದ. ನೀವು ಹರಕಿ ಹೊತ್ತ್ರಿ? ಯಾರ ಹೆಸರ ಮ್ಯಾಲ?"

"ಯಾರ ಹೆಸರೂ ಹೇಳಲಿಲ್ಲ."

ಅವಳ ನಗು ನಿಂತಿತು. "ಹಂಗ್ಯಾಂಗ ಆಗ್ತದ? ಗೊನಿ ಎಲ್ಲಿಗೆ ಒಯ್ದು ಮುಟ್ಟಿಸೋರು?"

"ನಿಮ್ಮ ಮನೆದೇವರ ಹೆಸರು ಹೇಳು, ಅಲ್ಲೇ ಮುಟ್ಟಿಸೋಣ."

"ಅದಾಗಂಗಿಲ್ಲ" ಎಂದಳು. "ಮೂವತ್ತು ವರ್ಷ ನನ್ನ ದೇವರಿಗೆ ನೀವು ಕೈ ಮುಗಿದಿಲ್ಲ. ಈಗ ಹಣ್ಣು ಕೊಡೋವಾಗ ಎರವಲು ಕೊಡಂಗಿಲ್ಲ ನಾ."

ಜಲೀಲ್ ಸರ್ ಹತ್ತಿರ ಹೇಳಿದರೆ ಗೆದ್ದೆ ಎಂದು ಕುಣಿಯುತ್ತಾರೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಹೇಳಿದಾಗ ಅವರು ಕುಣಿಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, "ನಾಂವ್ ನೈ ಲಿಯೇ ತೋ ಕ್ಯಾ ಹುವಾ ಸಾಬ್, ನೀಯತ್ ತೋ ಥೀ" ಎಂದರು. ಆಮೇಲೆ ಅದನ್ನೇ ಕನ್ನಡದಲ್ಲೂ ಹೇಳಿದರು. "ಹೆಸರು ತಗೊಳ್ಳಲಿಲ್ಲಂದ್ರ ಏನಾಯ್ತು. ಮನಸ್ಸು ಇತ್ತಲ್ಲ. ಕೊಟ್ಟು ಬಿಡ್ರಿ."

"ನಂಬದವನು ಯಾಕೆ ಕೊಡಬೇಕು?"

"ಹಂಗಾರ ಬಿಡ್ರಿ."

"ಬಿಡಲಿಕ್ಕೂ ಆಗವಲ್ದು."

ಅದೇ ನನ್ನ ತೊಂದರೆಯಾಗಿತ್ತು. ಯಾರಿಗೆ ಮಾತು ಕೊಟ್ಟೆನೋ ಅವನು ಇದ್ದಾನೋ ಇಲ್ಲವೋ ಗೊತ್ತಿಲ್ಲ. ಆದರೆ ಮಾತು ಕೊಟ್ಟವನಂತೂ ಇದ್ದಾನಲ್ಲ, ಇಲ್ಲೇ ಈ ಸೀಟಿನ ಮೇಲೆ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು. ಕೇಳುವವರಿಲ್ಲ ಎಂದು ಮಾತು ತಪ್ಪಬಹುದಾದರೆ ನಾನು ಇಷ್ಟು ವರ್ಷ ಮಕ್ಕಳಿಗೆ ಹೇಳಿದ್ದು ಏನು? ಹತ್ತು ವರ್ಷಗಳಲ್ಲಿ ಮೊದಲ ಸಲ ನಾವು ವಾದವಿಲ್ಲದೆ ಕಮಲಾಪುರ ಮುಟ್ಟಿದೆವು.

ಇಳಿಯುವಾಗ ಅವರೇ ಒಂದು ಸುದ್ದಿ ಹೇಳಿದರು. "ಸಂತ್ಯಾಗ ಹಣ್ಣು ಮಾರೋ ಕಾಶಿಬಾಯಿ ಅಂಗಡಿ ಹಾಕಿಲ್ಲ ನೋಡ್ರಿ. ಗಂಡ ತೀರ್ಕೊಂಡನಂತ."

ಒಂದೇ ಹಾಲಿನಲ್ಲಿ, ಒಂದೇ ಹೊತ್ತಿನಲ್ಲಿ, ಪಕ್ಕಪಕ್ಕದಲ್ಲಿ ಕೂತು ಇಬ್ಬರೂ ಬೇಡಿಕೊಂಡಿದ್ದೆವು. ಅವಳು ಜೀವಮಾನವೆಲ್ಲ ನಂಬಿದವಳು, ಸೆರಗಿಗೆ ಗಂಟು ಹಾಕಿ ಕೇಳಿದವಳು. ನಾನು ಹೆಸರೂ ಹೇಳದೆ ಬಾಯಿ ತಪ್ಪಿ ಅಂದವನು. ನನ್ನ ಹೆಂಡತಿ ಮನೆಯಲ್ಲಿ ಮಜ್ಜಿಗೆ ಅನ್ನ ಉಣ್ಣುತ್ತಿದ್ದಾಳೆ. ಇದಕ್ಕೆ ಏನು ಉತ್ತರ? ನಂಬುವವರ ಬಳಿಯೂ ಇದಕ್ಕೆ ಉತ್ತರ ಇರಲಾರದು ಎನ್ನಿಸಿತು. ನಂಬದ ನನಗೆ, ಉತ್ತರ ಕೊಡಬೇಕಾದವರು ಯಾರೂ ಇಲ್ಲದಿದ್ದರೂ, ಯಾಕೆ ಇಷ್ಟು ನಾಚಿಕೆಯಾಗುತ್ತಿದೆ ಎಂಬುದೂ ತಿಳಿಯಲಿಲ್ಲ.

ಒಂದು ತಿಂಗಳ ಮೇಲೆ ಕಾಶಿಬಾಯಿ ಮತ್ತೆ ಬಂದು ಬಸ್ ಸ್ಟ್ಯಾಂಡಿನ ಹೊರಗೆ, ಇಷ್ಟು ವರ್ಷ ನಾನು ಕಣ್ಣೆತ್ತಿಯೂ ನೋಡಿರದ ತನ್ನ ಹಳೇ ಜಾಗದಲ್ಲಿ ಕೂರತೊಡಗಿದಳು. ನಾನು ದಾರಿ ಬದಲಿಸಿದೆ. ಬಸ್ಸಿನಿಂದ ಹಿಂದಿನ ಬಾಗಿಲಲ್ಲಿ ಇಳಿದು, ಅಂಚೆ ಕಚೇರಿಯ ಕಡೆಯಿಂದ ಸುತ್ತು ಹಾಕಿ ಶಾಲೆಗೆ ಹೋಗುತ್ತಿದ್ದೆ. ಏಪ್ರಿಲ್ ತಿಂಗಳ ಕಲಬುರಗಿ ಸೀಮೆಯ ಬಿಸಿಲು ನಿಮಗೆ ಗೊತ್ತಿದ್ದರೆ ಇದು ಎಂಥ ಸಾಹಸ ಎಂದು ತಿಳಿಯುತ್ತದೆ. ಜಲೀಲ್ ಸರ್ ಕೇಳಿದಾಗ ಡಾಕ್ಟರು ನಡೆಯಲು ಹೇಳಿದ್ದಾರೆ ಎಂದೆ. ಬೇಸಿಗೆ ರಜೆ ಬಂತು, ಮುಗಿಯಿತು, ಮಳೆ ಬಿತ್ತು. ಗೊನೆ ಹಾಗೇ ಉಳಿಯಿತು. ಮನೆಯಲ್ಲಿ ಮಾತ್ರ ಇನ್ನೂ ದೇವರು ಯಾರೆಂದು ಗೊತ್ತಾಗಿಲ್ಲ ಎಂದು ಹೇಳುತ್ತಿದ್ದೆ.

ಒಂದು ದಿನ ಸುವರ್ಣಾ ರೊಟ್ಟಿ ಬಡಿಯುತ್ತ, ತಿರುಗಿ ನೋಡದೆ ಹೇಳಿದಳು.

"ನಿಮಗ ದೇವರು ಸಿಗವಲ್ಲ ಅಂತಲ್ಲ. ಆ ಹೆಣ್ಣುಮಗಳ ಮಾರಿ ನೋಡಾಕ ಆಗವಲ್ದು."

ನಾನು ಕಾಶಿಬಾಯಿಯ ವಿಷಯವನ್ನು ಒಮ್ಮೆ ಮಾತ್ರ ಅವಳಿಗೆ ಹೇಳಿದ್ದೆ, ಅದೂ ಅರ್ಧ. ಇನ್ನರ್ಧವನ್ನು ಅವಳು ಹೇಗೆ ಕಂಡುಕೊಂಡಳೋ.

"ನಾ ಬದುಕಿದ್ದು ಆಕಿ ಮುಂದ ತಪ್ಪು ಮಾಡಿದಂಗ ಆಗ್ಯದೇನು?" ಎಂದು ಕೇಳಿದಳು. ಆಗ ತಿರುಗಿ ನನ್ನ ಮುಖ ನೋಡಿದಳು. "ಹೋಗಿ ಬರ್ರಿ."

ಮರುದಿನ ಸಂತೆ. ಶಾಲೆ ಬಿಟ್ಟ ಮೇಲೆ ನೆಟ್ಟಗೆ ಆ ದಾರಿಯಲ್ಲೇ ಹೋದೆ. ನಾಲ್ಕು ಕೋಲು ನೆಟ್ಟು ಮೇಲೆ ಗೋಣಿತಟ್ಟು ಕಟ್ಟಿದ ನೆರಳಿನಲ್ಲಿ ಕಾಶಿಬಾಯಿ ಕೂತಿದ್ದಳು. ಹಿಂದೆ ಕೆಂಪು ಗೊನೆಗಳು ಸಾಲಾಗಿ ತೂಗುತ್ತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವಳು ಕರೆದಳು.

"ಬರ್ರಿ ಮಾಸ್ತರ. ಮನಿಯವರು ಆರಾಮ ಅದಾರಿಲ್ರಿ?"

"ಅದಾರ್ರಿ ಅಕ್ಕಾರ."

"ಎದ್ದು ಕೂತ್ರು?"

"ಕೂತ್ರು. ಅಡಗಿ ಮಾಡ್ತಾರ. ನನ್ನ ಬೈತಾರ."

"ಬೈಯಾಕತ್ತಾರಂದ್ರ ಪೂರಾ ಆರಾಮ ಆದಂಗ" ಎಂದು ನಕ್ಕಳು. ಆ ನಗು ನೋಡಿ ನನಗೆ ಅಲ್ಲಿಯವರೆಗೆ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ನಿಮ್ಮವರ ಸುದ್ದಿ ಕೇಳಿದ್ದೆ. ಬಂದು ಮಾತಾಡಿಸಬೇಕಿತ್ತು. ಬರಲಿಲ್ಲ. ಈ ದಾರಿ ಬಿಟ್ಟು ಆ ಕಡಿಂದ ಹೋಗ್ತಿದ್ದೆ."

"ನೋಡೀನ್ರಿ" ಎಂದಳು. "ಅಂಚೆ ಆಫೀಸಿನ ಮಗ್ಗಲಿಂದ ತಿರುಗಿ ಹೋಗ್ತಿದ್ರಲ್ಲ. ಇಂಥ ಬಿಸಿಲಾಗ ಮಾಸ್ತರ ಯಾಕ ಸುತ್ತು ಹಾಕ್ತಾರಂತ ಅಂದ್ಕೊಂಡಿದ್ದೆ. ಕುಂದರ್ರಿ."

ಬುಟ್ಟಿಯೊಂದನ್ನು ಬೋರಲು ಹಾಕಿ ಕೊಟ್ಟಳು. ನಾನು ಕೂತೆ. ಅವಳ ಸೆರಗಿನ ತುದಿಯಲ್ಲಿ ಗಂಟು ಇರಲಿಲ್ಲ. ಅದನ್ನು ನೋಡಿಯೇ, ಕೇಳಬಾರದು ಎಂದುಕೊಂಡಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ.

"ಅಕ್ಕಾರ, ಅವತ್ತು ನೀವೂ ಹರಕಿ ಹೊತ್ತಿದ್ರಿ. ಅದು..."

"ಮುಟ್ಟಿಸಿದೆ ಅದನ್ನ. ಹನ್ನೊಂದು ಮಂದಿಗೆ ಹೋಳಿಗಿ ಊಟ."

ನನ್ನ ಮುಖದಲ್ಲಿ ಏನು ಕಂಡಿತೋ, ಅವಳೇ 'ಹಿಂಗಾತು ನೋಡ್ರಿ' ಎಂದು ಶುರುಮಾಡಿದಳು.

"ಅವರು ಎರಡು ದಿನ ಕಣ್ಣು ತೆಗ್ದಿರಲಿಲ್ಲ. ಡಾಕ್ಟರು ನನಗ ಮೊದಲೇ ಹೇಳಿದ್ರು, ಭಾಳ ಆಸೆ ಇಟ್ಕೋಬ್ಯಾಡವ್ವ ಅಂತ. ಅದಕ್ಕ ನಾ ಇಷ್ಟ ಕೇಳಿದೆ, ಒಮ್ಮೆ ಕಣ್ಣು ಬಿಟ್ಟು ನನ್ನ ಕೂಡ ಮಾತಾಡ್ಲಿ, ಹಂಗ ಸುಮ್ನ ಹೋಗೋದು ಬ್ಯಾಡ ಅಂತ. ಮರುದಿನ ಸಂಜಿಗಿ ಕಣ್ಣು ಬಿಟ್ರು. ಒಂಬತ್ತು ದಿನ ಮಾತಾಡಿದ್ರು ಮಾಸ್ತರ. ನಾ ಕೇಳಿದ್ದು ಒಮ್ಮೆ, ಕೊಟ್ಟಿದ್ದು ಒಂಬತ್ತು ದಿನ. ಆಮೇಲೆ ಎದಿಯಾಗ ಕಫ ಆಗಿ ಹೋದ್ರು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದುರಿಗೆ ಬಂದ ಒಬ್ಬಳಿಗೆ ಒಂದು ಚಿಪ್ಪು ಹಣ್ಣು ಕೊಟ್ಟು ಕಳಿಸಿ ಮುಂದುವರಿಸಿದಳು.

"ತಿಂಗಳಾದ ಮ್ಯಾಲ ಹೋಳಿಗಿ ಮಾಡ್ತೀನಿ ಅಂದ್ರ ಓಣ್ಯಾಗ ಮಂದಿ ಬಾಯಿಗೆ ಬಂದಂಗ ಅಂದ್ರು. ಗಂಡ ಸತ್ತಾನ, ಎಂಥಾ ಹರಕಿ ನಿಂದು ಅಂದ್ರು. ಹೋಳಿಗಿ ಹಬ್ಬಕ್ಕ ಮಾಡೋದು ಅಂದ್ರು. ನಾ ಅಂದೆ, ಅವರು ಹೋಗಿದ್ದು ಖರೇ ಅದ. ಅದಕ್ಕ ಮಾತಾಡಿದ್ದು ಸುಳ್ಳಾತೇನು?"

ನಾನು ನಲವತ್ತು ವರ್ಷಗಳಿಂದ ಓದಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ಬೇಡಿದ್ದು ಸಿಕ್ಕಿತೋ ಇಲ್ಲವೋ ಎಂದು ನಾನು ಅವಳ ಪರವಾಗಿ ನಿರ್ಧಾರ ಮಾಡಿಕೊಂಡು ಅಂಚೆ ಕಚೇರಿ ಸುತ್ತುತ್ತಿದ್ದೆ. ಅವಳು ಏನು ಬೇಡಿದ್ದಳು ಎಂದು ಕೇಳುವ ಯೋಚನೆಯೇ ನನಗೆ ಬಂದಿರಲಿಲ್ಲ. ಅವಳ ದೇವರು ಇದ್ದಾನೆ ಎಂದು ಇದರಿಂದ ಸಾಬೀತಾಗುತ್ತದೆಯೇ ಎಂದರೆ, ಆಗುವುದಿಲ್ಲ. ಅಂದು ಆ ಬುಟ್ಟಿಯ ಮೇಲೆ ಕೂತಿದ್ದಾಗ ಸಾಬೀತು ಮಾಡುವ ಅವಸರ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

"ನನ್ನದೂ ಒಂದು ಗೊನೆ ಉಳಿದದ" ಎಂದೆ. "ಆದ್ರ ಯಾರ ಹೆಸರೂ ಹೇಳಿರಲಿಲ್ಲ ನಾನು."

"ಗೊತ್ತದ್ರಿ. ನಾ ಅಲ್ಲೇ ಕೂತಿದ್ನಲ್ಲ. ಬರೇ ಕೊಡ್ತೀನಿ ಅಂದ್ರಿ. ಯಾರಿಗಿ ಅಂತ ಅನ್ನಲಿಲ್ಲ." ಅವಳು ಎದ್ದು ಗೊನೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಹೇಳಿದಳು. "ಅನ್ನಲಿಲ್ಲಂದ್ರ ಎಲ್ಲಾರಿಗೂ ಬರ್ತದ ಅದು."

ಚೆನ್ನಾಗಿ ಹಣ್ಣಾದ ಒಂದು ಗೊನೆಯನ್ನು ಇಳಿಸಿ, ನನ್ನಿಂದ ದುಡ್ಡು ಇಸಿದುಕೊಂಡು, ಕುಡಗೋಲಿನಿಂದ ಚಿಪ್ಪು ಚಿಪ್ಪಾಗಿ ಬಿಡಿಸಿದಳು. ಅಲ್ಲೇ, ಸಂತೆಯ ದಾರಿಯಲ್ಲೇ, ಬಂದವರಿಗೆಲ್ಲ ಒಂದೊಂದು ಹಣ್ಣು ಕೊಡಲು ಶುರುಮಾಡಿದೆವು. ನಾನು ಮಾಸ್ತರಿಕೆಯ ಗತ್ತಿನಲ್ಲಿ ಹಣ್ಣು ಚಾಚಿದರೆ ಜನ ಅನುಮಾನದಿಂದ ನೋಡುತ್ತಿದ್ದರು. ಬೆಳ್ಳುಳ್ಳಿ ಚೌಕಾಸಿ ಮಾಡುತ್ತಿದ್ದ ಬುರ್ಖಾದ ಹೆಂಗಸು, ಹುಮನಾಬಾದ್ ಬಸ್ಸಿನ ಕಂಡಕ್ಟರ್, ತಂಬಾಕು ತಿಕ್ಕುತ್ತಿದ್ದ ಮುದುಕ, ಕಾಲೇಜಿನ ಇಬ್ಬರು ಹುಡುಗಿಯರು, ಎಲ್ಲರದೂ ಒಂದೇ ಪ್ರಶ್ನೆ.

"ಏನ್ ವಿಶೇಷ್ರಿ?"

ಪ್ರತಿಯೊಬ್ಬರಿಗೂ ಉತ್ತರ ಕೊಟ್ಟವಳು ಕಾಶಿಬಾಯಿ. "ಮಾಸ್ತರ ಮನಿಯವರು ಆರಾಮ ಆಗ್ಯಾರ." ಗಂಡನನ್ನು ಕಳೆದುಕೊಂಡು ಆರು ತಿಂಗಳಾಗಿದ್ದ ಆ ಹೆಂಗಸು, ನನ್ನ ಹೆಂಡತಿ ಬದುಕಿದ ಸುದ್ದಿಯನ್ನು ಇಡೀ ಸಂತೆಗೇ ಹೇಳಿದಳು, ಒಂದು ಸಲವೂ ದನಿ ತಗ್ಗಿಸದೆ. ಮುದುಕ ಹಣ್ಣನ್ನು ಕಣ್ಣಿಗೆ ಒತ್ತಿಕೊಂಡು ಸುಲಿದ. ಬುರ್ಖಾದ ಹೆಂಗಸು "ಅಲ್ಲಾ ಸಲಾಮತ್ ರಖೇ" ಎಂದು ಹರಸಿದಳು. ಕಂಡಕ್ಟರ್ "ಚಲೋ ಆಯ್ತ್ ಬಿಡ್ರಿ" ಎಂದ. ಪೇಟೆಯ ಕಡೆಯವನಂತೆ ಕಾಣುತ್ತಿದ್ದ ಒಬ್ಬ, ತಾನು ಇದನ್ನೆಲ್ಲ ನಂಬುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ಎರಡು ಹಣ್ಣು ತೆಗೆದುಕೊಂಡ. ಅವನು ನಮ್ಮ ಪೈಕಿಯವನೇ ಎಂದು ನನಗೆ ಬಹಳ ಪ್ರೀತಿ ಬಂತು.

ಸಂಜೆ ಮನೆಗೆ ಬಂದು ಎಲ್ಲವನ್ನೂ ಹೇಳಿದೆ. ಸುವರ್ಣಾ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಕೇಳುತ್ತಿದ್ದಳು. ಮುಗಿದ ಮೇಲೆ ಕೇಳಿದಳು.

"ಒಂಬತ್ತು ದಿನ ಏನ್ ಮಾತಾಡಿದ್ರಂತ?"

"ಕೇಳಲಿಲ್ಲ."

"ಅದನ್ನ ಕೇಳದ ಬಂದ್ರ್ಯಾ?"

ಮುಂದಿನ ರವಿವಾರ ಅವಳೇ ಹೊರಟು ನಿಂತಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಊರು ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು. ಮಳೆಯಾಗಿ ಎರಡೂ ಕಡೆ ತೊಗರಿ ಹಸಿರಾಗಿತ್ತು. ಕಮಲಾಪುರದಲ್ಲಿ ಇಳಿದು ಕಾಶಿಬಾಯಿಯ ತೋಟಕ್ಕೆ ನಡೆದು ಹೋದೆವು. ಅವಳು ಸುವರ್ಣಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ತೋಳು ಹಿಡಿದು, "ಇಷ್ಟು ಸೊರಗಿದ್ರ ಹ್ಯಾಂಗವ್ವ" ಎಂದು ಬೈದು, ಬಾವಿಯ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಇಬ್ಬರೂ ರೊಟ್ಟಿ, ಮೊಣಕಾಲು ನೋವು, ತವರುಮನೆ ಎಂದು ಏನೇನೋ ಮಾತಾಡಿದರು. ದೇವರ ಸುದ್ದಿ ಬರಲೇ ಇಲ್ಲ. ಆಮೇಲೆ ಸುವರ್ಣಾ ಮೆಲ್ಲಗೆ ಆ ಪ್ರಶ್ನೆ ಕೇಳಿದಳು.

"ದೊಡ್ಡ ಮಾತು ಏನಿಲ್ಲ ತಂಗಿ" ಎಂದಳು ಕಾಶಿಬಾಯಿ. "ಎಮ್ಮಿಗಿ ನೀರು ಕುಡಿಸ್ಯಾರೋ ಇಲ್ಲೋ ಅಂದ್ರು. ದವಾಖಾನಿ ಚಾ ನೀರ ನೀರ ಅದ ಅಂದ್ರು. ಮದಿವ್ಯಾದ ವರ್ಷ ನಾ ಸಿಟ್ಟ್ ಮಾಡಿ ತವರಿಗೆ ನಡಕೋತ ಹೋಗಿದ್ದೆ, ಹಿಂದ ಹಿಂದ ಬಂದಿದ್ರು. ಅದನ್ನ ನೆನಿಸಿ ಇಬ್ರೂ ನಕ್ಕೆವು. ನರ್ಸ್ ಬಂದು ಬೈದ್ಲು. ಹೋಗೋ ಹಿಂದಿನ ದಿನ ಅಂದ್ರು, ಮೊದಲ ಮಳಿಗಿ ಬಾವಿ ಮಗ್ಗಲದಾಗ ಬಾಳಿ ಕಂದು ಹಚ್ಚು, ಅಲ್ಲಿ ನೆಲ ಚಲೋ ಅದ ಅಂತ. ಹಚ್ಚೀನಿ ನೋಡು."

ಬಾವಿಯ ಪಕ್ಕದ ಕಪ್ಪು ಮಣ್ಣಿನಲ್ಲಿ ಎರಡು ಸಾಲು ಎಳೆಯ ಗಿಡಗಳು ನಿಂತಿದ್ದವು. ಮೊಣಕಾಲೆತ್ತರ. ದಂಟಿನಲ್ಲಿ ಆಗಲೇ ಕೆಂಪು ಇತ್ತು.

"ಕೆಂಪು ಬಾಳಿ ಅವಸರ ಮಾಡಂಗಿಲ್ಲ" ಎಂದಳು. "ಒಂದೂವರಿ ವರ್ಷ ಹಿಡೀತದ. ಈ ಎಳ್ಳಮಾಸಿ ಅಲ್ಲ, ಅದರ ಮುಂದಿನ ಎಳ್ಳಮಾಸಿಗೆ ಇಬ್ರೂ ಬರ್ರಿ. ಹೊಲದಾಗ ಕೂತು ಭಜ್ಜಿ ಉಣ್ಣೋಣ, ಗೊನಿ ಕೊಯ್ಯೋಣ."

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು, ಕಾಳು ತರಕಾರಿ ಕೂಡಿಸಿ ಕುದಿಸಿದ ಭಜ್ಜಿಯನ್ನು ಸಜ್ಜೆ ರೊಟ್ಟಿಯ ಜೊತೆ ಎಲ್ಲರೂ ಉಣ್ಣುವುದು ನಮ್ಮ ಸೀಮೆಯ ಪದ್ಧತಿ. ಯಾರು ಕರೆದರೂ ಹೂಂ ಎನ್ನುವುದು ಸಹಜ. ನಾನು ಸುವರ್ಣಾಳ ಮುಖ ನೋಡಲಾರದೆ ಗಿಡ ನೋಡಿದೆ. ಆಸ್ಪತ್ರೆಯಿಂದ ಬಂದ ದಿನದಿಂದ ಅವಳು ಮುಂದಿನ ಯಾವ ಮಾತಿಗೂ ಹೌದು ಎಂದಿರಲಿಲ್ಲ. ತಂಗಿಯ ಮಗಳ ಮದುವೆ ಎಂದರೆ ನೋಡೋಣ. ಗೋಡೆಗೆ ಸುಣ್ಣ ಎಂದರೆ ನೋಡೋಣ. ಅವಳ ವರ್ಷವು ಆರು ತಿಂಗಳಿಗೆ, ಮುಂದಿನ ತಪಾಸಣೆಯ ದಿನಕ್ಕೆ ಮುಗಿದುಹೋಗುತ್ತಿತ್ತು. ಆ ಗೆರೆಯಾಚೆ ಹೆಜ್ಜೆ ಇಡಲು ಅವಳಿಗೆ ಭಯವೆಂದು ನನಗೆ ಗೊತ್ತಿತ್ತು, ನಾನೂ ಒತ್ತಾಯ ಮಾಡುತ್ತಿರಲಿಲ್ಲ.

ಸುವರ್ಣಾ ಚಹಾದ ಲೋಟ ಪಕ್ಕಕ್ಕಿಟ್ಟಳು. ಎದ್ದು ಹೋಗಿ ಒಂದು ಗಿಡದ ಎಳೆಯ ಎಲೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಆಮೇಲೆ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತ, ಶ್ರಾವಣ, ಭಾದ್ರಪದ ಎಂದು ಶುರುಮಾಡಿ, ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋಗಿ, ಒಂದೂ ತಿಂಗಳು ಬಿಡದೆ ಎಣಿಸಿದಳು.

"ಬರ್ತೀವ್ರಿ ಅಕ್ಕಾ" ಎಂದಳು. "ಸಜ್ಜಿ ರೊಟ್ಟಿ ನಾನೇ ಬಡ್ಕೊಂಡು ಬರ್ತೀನಿ."